ಸಿರಿಯಾದಲ್ಲಿ ನೆಲ ಕಳೆದುಕೊಂಡ ಮೇಲೆ ಐಸಿಸ್ ಮುಗಿದೇಹೋಯಿತೇ?

ಇಲ್ಲ. ನೆಲ ಹೋಯಿತು, ಈ ಉಗ್ರ ಸಂಘಟನೆ ಹೋಗಲಿಲ್ಲ. ಇರಾಕಿನ ಮೊಸುಲ್, ಸಿರಿಯಾದ ರಕ್ಕಾದಂಥ ನಗರಗಳನ್ನು ಆಳಿದವರ ಬಳಿ ಕೊನೆಗೆ ಉಳಿದದ್ದು ಯೂಫ್ರೆಟಿಸ್ ದಂಡೆಯ ಬಾಗೂಜ್‌ನಲ್ಲಿ ಹರುಕು ಟೆಂಟುಗಳ ಒಂದು ಬಯಲು. 2019ರ ಮಾರ್ಚ್ 23ಕ್ಕೆ ಅದೂ ಅಲ್ಲಿನ ಕುರ್ದ್ ಜನಾಂಗದವರ ನೇತೃತ್ವದ ಪಡೆಗಳ ಪಾಲಾಯಿತು. ಅಕ್ಟೋಬರ್‌ನಲ್ಲಿ ನಾಯಕ ಬಗ್ದಾದಿಯೂ ಸತ್ತ.

ನಿಜವಾದ ತಲೆನೋವು ಶುರುವಾದದ್ದು ಆಮೇಲೆ. ಬಾಗೂಜ್‌ನಿಂದ ಹೊರಬಂದ ಐಸಿಸ್ ಹೋರಾಟಗಾರರ ಕುಟುಂಬಗಳನ್ನು ಈಶಾನ್ಯ ಸಿರಿಯಾದ ಅಲ್-ಹೋಲ್ ಶಿಬಿರಕ್ಕೆ ಸಾಗಿಸಿದರು. ಸುಮಾರು 10 ಸಾವಿರ ಜನರಿದ್ದ ಶಿಬಿರ ಕೆಲವೇ ತಿಂಗಳಲ್ಲಿ 70 ಸಾವಿರ ದಾಟಿತು. ಹೆಚ್ಚಿನವರು ಹೆಂಗಸರು, ಮಕ್ಕಳು. ಟೆಂಟಿನಲ್ಲೇ ಹುಟ್ಟಿದ ಎಷ್ಟೋ ಕೂಸುಗಳಿಗೆ ಯಾವ ದೇಶದ ಜನನ ಪತ್ರವೂ ಇರಲಿಲ್ಲ. ಯೂರೋಪಿನ ಹಲವು ದೇಶಗಳು ಐಸಿಸ್ ಸೇರಲು ಹೋಗಿದ್ದ ತಮ್ಮವರನ್ನು ಕರೆಸಿಕೊಳ್ಳಲು ವರ್ಷಗಟ್ಟಲೆ ಮೀನಮೇಷ ಎಣಿಸಿದವು. ಬ್ರಿಟನ್ ಕೆಲವರ ಪೌರತ್ವವನ್ನೇ ಕಿತ್ತುಕೊಂಡಿತು. ವರ್ಷಗಟ್ಟಲೆ ಕಾವಲು ಕಾಯುವ ಕೆಲಸ ಮಾತ್ರ ಕುರ್ದರ ತಲೆಗೆ ಬಿತ್ತು! (ಇದನ್ನು ನಾನಂತೂ ಜಾಣ ನುಣುಚಿಕೆ ಎನ್ನುತ್ತೇನೆ.)

ಸೆರೆಸಿಕ್ಕ ಗಂಡಸರ ಕಥೆ ಬೇರೆ. 2022ರ ಜನವರಿಯಲ್ಲಿ ಅವರನ್ನು ಬಿಡಿಸಲು ಐಸಿಸ್‌ನವರು ಈಶಾನ್ಯ ಸಿರಿಯಾದ ಹಸಾಕಾದ ಜೈಲಿನ ಬಾಗಿಲಲ್ಲೇ ಬಾಂಬ್ ತುಂಬಿದ ವಾಹನ ಸ್ಫೋಟಿಸಿದರು; ಕಾಳಗ ದಿನಗಟ್ಟಲೆ ನಡೆಯಿತು.

ಇನ್ನು ಅಫ್ಘಾನಿಸ್ತಾನ, ಆಫ್ರಿಕಾದ ಶಾಖೆಗಳು ಚಿಗುರುತ್ತಲೇ ಇವೆ. 2024ರ ಮಾರ್ಚ್‌ನಲ್ಲಿ ಮಾಸ್ಕೋದ ಸಂಗೀತ ಸಭಾಂಗಣದಲ್ಲಿ 140ಕ್ಕೂ ಹೆಚ್ಚು ಜನರನ್ನು ಕೊಂದದ್ದು ತಾವೇ ಎಂದು ಹೇಳಿಕೊಂಡದ್ದೂ ಇದೇ ಐಸಿಸ್.