ಬಳಸಿದ ಹಗ್ಗ, ಹಾರ್ನೆಸ್ ಕೊಳ್ಳಬಹುದಾ?

ಪರಿಚಯದವರು ಬಳಸಿದ ಹಗ್ಗ, ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟಿಕೊಳ್ಳುವ ಪಟ್ಟಿ), ಹೆಲ್ಮೆಟ್ ಕಡಿಮೆ ಬೆಲೆಗೆ ಸಿಗುತ್ತಿವೆ, ಬಂಡೆ ಹತ್ತಲು ತೆಗೆದುಕೊಳ್ಳಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಈ ಮೂರೂ ಬೇಡ.

ಹಗ್ಗ ನೈಲಾನ್‌ನದು. ಬಿಸಿಲಿಗೆ ನಿಧಾನವಾಗಿ ಸವೆಯುತ್ತದೆ. ಬ್ಯಾಟರಿಯ ಆ್ಯಸಿಡ್ ಸ್ವಲ್ಪ ತಾಗಿದ್ದರೂ ಒಳಗಿನ ಎಳೆಗಳು ಹಾಳಾಗಿರಬಹುದು, ಹೊರಗೆ ಏನೂ ಕಾಣುವುದಿಲ್ಲ. ಅದಕ್ಕೆ ಕಟ್ಟಿಕೊಂಡು ಹತ್ತುವಾಗ ಎಷ್ಟು ಸಲ ಬಿದ್ದಿದ್ದಾರೆ, ಕಾರಿನ ಡಿಕ್ಕಿಯಲ್ಲಿ ಯಾವುದರ ಪಕ್ಕ ಇಟ್ಟಿದ್ದರು ಎಂಬುದು ಮಾರುವವರಿಗೂ ನೆನಪಿರುವುದಿಲ್ಲ ಅಲ್ವಾ? ಬಳಸದೆ ಇಟ್ಟರೂ ಅನೇಕ ತಯಾರಕರು ಹಗ್ಗ, ಹಾರ್ನೆಸ್‌ಗೆ 10 ವರ್ಷದ ಮಿತಿ ಹಾಕುತ್ತಾರೆ.

ಹೊಸ ಹಗ್ಗದ ತುದಿಯಲ್ಲಿರುವ ಪಟ್ಟಿ ಓದಿ. ಇಎನ್ (ಯುರೋಪಿನ ಗುಣಮಟ್ಟದ ಗುರುತು) 892 ಎಂದಿರಬೇಕು, ಜೊತೆಗೆ ವೃತ್ತದೊಳಗೆ 1 ಎಂಬ ಗುರುತು. ಅದು ಜೋಡಿ ಹಗ್ಗವಿಲ್ಲದೆ ಒಂದನ್ನೇ ಬಳಸುವ ಡೈನಮಿಕ್ ಹಗ್ಗ. ಬಿದ್ದಾಗ ಹಿಗ್ಗಿ, ಏಟನ್ನು ತಾನು ಹೀರಿಕೊಳ್ಳುತ್ತದೆ. ಇಎನ್ 1891 ಎಂದಿದ್ದರೆ ಕಡಿಮೆ ಹಿಗ್ಗುವ ಹಗ್ಗ. ಇಳಿಯಲು ಒಳ್ಳೆಯದು, ಲೀಡ್ ಹತ್ತಲು (ಮೊದಲಿಗರಾಗಿ ಹಗ್ಗವನ್ನು ಬಂಡೆಗೆ ಸಿಕ್ಕಿಸುತ್ತಾ ಹತ್ತಲು) ಬೇಡವೇ ಬೇಡ. ಬಿದ್ದರೆ ಏಟೆಲ್ಲ ನಿಮ್ಮ ಮೈಗೆ, ಆ್ಯಂಕರ್‌ಗೆ (ಹಗ್ಗವನ್ನು ಬಂಡೆಗೆ ಹಿಡಿದಿಡುವ ಆಧಾರಕ್ಕೆ) ಬೀಳುತ್ತದೆ.

ಹೆಲ್ಮೆಟ್ ಇಎನ್ 12492 ಇರಲಿ. ಒಂದು ಜೋರು ಪೆಟ್ಟಿಗೆ ಒಳಗಿನ ಫೋಮ್ ಕುಗ್ಗಿರುತ್ತದೆ, ಹಾಗಾಗಿ ಹಳೆಯದನ್ನು ನಂಬಲಾಗದು. ಮನೆಯಲ್ಲಿರುವ ಸೈಕಲ್ ಹೆಲ್ಮೆಟ್ಟೂ ಸಾಲದು. ಮೇಲಿಂದ ಬೀಳುವ ಕಲ್ಲಿಗಾಗಿ ಅದನ್ನು ಮಾಡಿರುವುದಿಲ್ಲ.

ದುಡ್ಡು ಉಳಿಸಬೇಕಾ? ಶೂ, ಚಾಕ್ ಚೀಲ (ಕೈಗೆ ಹಚ್ಚುವ ಪುಡಿಯ ಚೀಲ) ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ, ತೊಂದರೆಯಿಲ್ಲ. ಮೊದಲ ಹಗ್ಗ ಹಗುರ ಅಂತ ಸುಮ್ನೆ ತೀರಾ ತೆಳ್ಳಗಿನದು ಆರಿಸಬೇಡಿ. 9.8 ಮಿ.ಮೀ. ಆಸುಪಾಸಿನದು ಹಿಡಿತಕ್ಕೆ ಚೆನ್ನಾಗಿ ಸಿಗುತ್ತದೆ, ಜಾಸ್ತಿ ಬಾಳಿಕೆಯೂ ಬರುತ್ತದೆ. ನಿಮ್ಮ ಬಿಲೇ ಸಾಧನದ (ಹತ್ತುವವರು ಬಿದ್ದಾಗ ಜೊತೆಗಾರರು ಹಗ್ಗ ತಡೆಹಿಡಿಯುವ ಉಪಕರಣದ) ಮೇಲೆ ಬರೆದಿರುವ ಅಳತೆಗೆ ಅದು ಹೊಂದುತ್ತದಾ ಎಂದು ನೋಡಿಕೊಂಡೇ ಕೊಳ್ಳಿ.