ಎಐ ಬಗ್ಗೆ ಹೇಳುತ್ತಿರೋದೆಲ್ಲ ನಿಜವಾ, ಇಲ್ಲ ಬರೀ ಬುರುಡೆಯಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ತಮ್ಮ ಬಿಇ ಕೊನೇ ವರ್ಷದಲ್ಲಿದ್ದಾನೆ, ಇನ್ನೆರಡು ವರ್ಷದಲ್ಲಿ ಎಐ ಎಲ್ಲರ ಕೆಲಸ ನುಂಗಿಹಾಕುತ್ತದೆ ಅನ್ನೋ ವಿಡಿಯೊಗಳನ್ನು ನೋಡಿ ನೋಡಿ ಹೆದರಿ ಕೂತಿದ್ದಾನೆ, ಒಳಗಿರೋರು ಯಾರಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಂತ. ನಾನು ಹದಿಮೂರು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಯಾವುದು ಎಲ್ಲಿ ಎಡವುತ್ತದೆ ಅಂತ ಹುಡುಕೋದಕ್ಕೇ ನನಗೆ ಸಂಬಳ. ಹಾಗಾಗಿ ಅನುಮಾನ ಸ್ವಲ್ಪ ಜಾಸ್ತಿ. ಅಷ್ಟನ್ನು ಕಳೆದು ಓದಿಕೊಳ್ಳಿ.

ಮೊದಲು ಕಣ್ಣಾರೆ ಕಂಡದ್ದು. ಎರಡು ವರ್ಷದ ಹಿಂದೆ, ಆರೋಗ್ಯ ವಿಮೆಯ ಬಿಲ್‌ಗಳನ್ನು ತಾನೇ ಓದಿ ಲೆಕ್ಕ ಹಾಕೋ ಒಂದು ಎಐ ನಮ್ಮ ತಂಡಕ್ಕೆ ಟೆಸ್ಟಿಂಗಿಗೆ ಬಂತು. ಕಂಪನಿ ಹೆಸರು ಬೇಡ. ಗಿರಾಕಿಗಳ ಮುಂದೆ ಡೆಮೊ ಆದ ದಿನ ಇಪ್ಪತ್ತು ಬಿಲ್ ಹಾಕಿದರು, ಇಪ್ಪತ್ತೂ ಸರಿ ಬಂತು. ಚಪ್ಪಾಳೆ, ಕೇಕ್, ಗ್ರೂಪ್ ಫೋಟೊ ಎಲ್ಲ ಆಯಿತು. ಆ ಇಪ್ಪತ್ತೂ ದೊಡ್ಡ ಆಸ್ಪತ್ರೆಗಳ ಕಂಪ್ಯೂಟರಿನಿಂದ ಬಂದ ಚೊಕ್ಕ ಪಿಡಿಎಫ್‌ಗಳು ಅಂತ ಯಾರೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಆಮೇಲೆ ನಾವು ನಿಜವಾದ ಬಿಲ್ ಹಾಕಿದೆವು. ಸಣ್ಣ ಊರಿನ ಮೆಡಿಕಲ್ ಶಾಪಿನ ಬಿಲ್ ಹೇಗಿರುತ್ತದೆ ನಿಮಗೇ ಗೊತ್ತಲ್ಲ. ಕಾರ್ಬನ್ ಹಾಳೆ ಇಟ್ಟು ಗೀಚಿದ್ದು, ನಡುವೆ ಸ್ಟೇಪ್ಲರ್ ಪಿನ್ನು, ಅಂಗಡಿಯ ಸೀಲು ಬಿದ್ದಿರೋದು ಸರಿಯಾಗಿ ಒಟ್ಟು ಮೊತ್ತದ ಮೇಲೇ. ಮೆಷಿನ್ನಿನಿಂದ ಬಂದ ನುಣುಪು ಚೀಟಿಯಾದರೆ ಜೇಬಿನ ಬಿಸಿಗೇ ಅರ್ಧ ಅಳಿಸಿಹೋಗಿರುತ್ತದೆ. ಒಂದು ಬಿಲ್ಲಿನಲ್ಲಿ 1ರ ತಲೆಗೆ ಉದ್ದ ಕೊಂಡಿ ಹಾಕಿ ಬರೆದಿದ್ದರು. 1,450 ರೂಪಾಯಿ 7,450 ಆಯಿತು. ತಪ್ಪು ಓದಲಿ ಬಿಡಿ, ಮನುಷ್ಯರೂ ಓದುತ್ತಾರೆ. ಆದರೆ ನಮ್ಮೂರಿನ ಅಂಗಡಿಯವನು ಅಂಕಿ ಅರ್ಥವಾಗದಿದ್ದರೆ ಕನ್ನಡಕ ಏರಿಸಿ "ಇದೇನಪ್ಪಾ ಇದು, ಒಂದಾ ಏಳಾ?" ಅಂತ ಕೇಳುತ್ತಾನೆ. ಇದು ಕೇಳಲಿಲ್ಲ. ಪಕ್ಕದಲ್ಲಿ ಹಸಿರು ಬಣ್ಣದಲ್ಲಿ 98% ಖಚಿತ ಅಂತ ತೋರಿಸಿತು.

ಇದಕ್ಕೆ ಕಂಪನಿ ಏನು ಪರಿಹಾರ ಮಾಡಿತು ಗೊತ್ತಾ? ಮೂರನೇ ಮಹಡಿಯಲ್ಲಿ ಮೂವತ್ತು ಕುರ್ಚಿ ಹಾಕಿತು. ಹಾಸನ, ದಾವಣಗೆರೆ, ರಾಯಚೂರು ಕಡೆಯ ಬಿಕಾಂ ಮುಗಿಸಿದ ಹುಡುಗ ಹುಡುಗಿಯರು ಎರಡು ಪಾಳಿಯಲ್ಲಿ ಕೂತು, ಎಐ ಓದಿದ್ದನ್ನು ಮತ್ತೆ ಓದಿ ತಿದ್ದತೊಡಗಿದರು. ಸ್ಲೈಡಿನಲ್ಲಿ ಇವರಿಗೆ ಇಟ್ಟ ಹೆಸರು 'ಕ್ವಾಲಿಟಿ ಲೇಯರ್'. ಗಿರಾಕಿಗೆ ಕಾಣೋದು ಬಿಲ್ ಹಾಕಿದ್ದು, ಎರಡು ಗಂಟೆಯಲ್ಲಿ ಎಐ ಉತ್ತರ ಬಂದದ್ದು, ಅಷ್ಟೇ. ಒಂದು ದಿನ ಕ್ಯಾಂಟೀನಿನಲ್ಲಿ ಅವರಲ್ಲೊಬ್ಬಳು ನಗುತ್ತಾ ಅಂದಳು, "ಮನೇಲಿ ಏನು ಕೆಲಸ ಅಂತ ಕೇಳಿದ್ರು ಸರ್. ನಾನೇ ಎಐ ಅಂದೆ."

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆಜಾನ್ ಅಮೆರಿಕದಲ್ಲಿ ಕ್ಯಾಷಿಯರ್ ಇಲ್ಲದ ಅಂಗಡಿ ತೆರೆದಿತ್ತು, 'ಜಸ್ಟ್ ವಾಕ್ ಔಟ್' ಅಂತ. ಸಾಮಾನು ಎತ್ತಿಕೊಂಡು ಸುಮ್ನೆ ಹೊರಗೆ ನಡೆದರಾಯಿತು, ಕ್ಯಾಮೆರಾಗಳು ನೋಡಿ ಬಿಲ್ ಹಾಕುತ್ತವೆ. 2024ರ ಏಪ್ರಿಲ್‌ನಲ್ಲಿ ತನ್ನ ಫ್ರೆಶ್ ದಿನಸಿ ಅಂಗಡಿಗಳಿಂದ ಅದನ್ನು ತೆಗೆಯುವುದಾಗಿ ಹೇಳಿತು. ಇದರ ಹಿಂದೆ ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಜನ ವಿಡಿಯೊ ನೋಡುತ್ತಾ ಕೂತಿದ್ದರು, 2022ರಲ್ಲಿ 1,000 ವ್ಯಾಪಾರದಲ್ಲಿ 700ನ್ನು ಮನುಷ್ಯರು ಪರಿಶೀಲಿಸಬೇಕಾಗಿತ್ತು ಅಂತ ವರದಿಯಾಗಿತ್ತು. ಅಷ್ಟೊಂದಿಲ್ಲ, ನಮ್ಮವರು ಮುಖ್ಯವಾಗಿ ಎಐಗೆ ಕಲಿಸೋ ಕೆಲಸ ಮಾಡುತ್ತಾರೆ ಅಂತ ಕಂಪನಿ ವಾದಿಸಿತು. ಸರಿ, ಸಂಖ್ಯೆಯ ಜಗಳ ಬಿಡಿ. ಜನ ಕೂತಿದ್ದದ್ದಂತೂ ಹೌದು ತಾನೆ?

ಲಂಡನ್ನಿನ ಬಿಲ್ಡರ್.ಎಐ ಕಥೆ ಇನ್ನೂ ಮಜಾ. ಪಿಜ್ಜಾ ಆರ್ಡರ್ ಮಾಡಿದಷ್ಟೇ ಸಲೀಸಾಗಿ ಆ್ಯಪ್ ಮಾಡಿಸಿಕೊಳ್ಳಿ ಅಂತ ಅವರ ಮಾತು. ಎಐ ಅನ್ನೋದರಲ್ಲಿ ಬಹುಪಾಲು ಮನುಷ್ಯ ಎಂಜಿನಿಯರುಗಳೇ ಅಂತ 2019ರಲ್ಲೇ ಪತ್ರಿಕೆಯಲ್ಲಿ ಬಂದಿತ್ತು. ಆದರೂ ದುಡ್ಡು ಹರಿಯುತ್ತಲೇ ಇತ್ತು, ಮೈಕ್ರೊಸಾಫ್ಟ್ ಕೂಡ ಹಾಕಿತು. ಸ್ಥಾಪಕರು ತಮಗಿಟ್ಟುಕೊಂಡ ಹುದ್ದೆ 'ಚೀಫ್ ವಿಜರ್ಡ್', ಅಂದರೆ ಮುಖ್ಯ ಮಾಂತ್ರಿಕ. 2025ರ ಮೇನಲ್ಲಿ ಕಂಪನಿ ದಿವಾಳಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಈ ಧಂದೆಯಲ್ಲಿ ಗಾಳಿ ಬಂದಾಗ ತೂರಿಕೊಳ್ಳೋದು ಹೊಸತೇನಲ್ಲ. 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಂದು ತಂಪು ಚಹಾ ಮಾರೋ ಕಂಪನಿ, 'ಲಾಂಗ್ ಐಲ್ಯಾಂಡ್ ಐಸ್ಡ್ ಟೀ', ತನ್ನ ಹೆಸರಿಗೆ ಬ್ಲಾಕ್‌ಚೈನ್ ಅಂತ ಸೇರಿಸಿಕೊಂಡಿತು. ಬ್ಲಾಕ್‌ಚೈನ್ ಅಂದರೆ ಬಿಟ್‌ಕಾಯಿನ್ ಹಿಂದಿರೋ ತಂತ್ರಜ್ಞಾನ, ಆಗ ಎಲ್ಲರಿಗೂ ಅದರದ್ದೇ ಹುಚ್ಚು. ಅದೇ ದಿನ ಷೇರು ಹುಚ್ಚಾಪಟ್ಟೆ ಏರಿತು. ನಮ್ಮ ಆಫೀಸಿನಲ್ಲೂ ಅದೇ ಮಂದಿ. ಆಗ ಬಿಗ್ ಡೇಟಾ ಪರಿಣತರು, ಆಮೇಲೆ ಬ್ಲಾಕ್‌ಚೈನ್ ಪರಿಣತರು, ನಡುವೆ ಆರು ತಿಂಗಳು ಮೆಟಾವರ್ಸ್, ಈಗ ಎಐ. ವಿಸಿಟಿಂಗ್ ಕಾರ್ಡ್ ಪ್ರಿಂಟ್ ಹಾಕೋನಿಗೆ ಒಳ್ಳೆ ವ್ಯಾಪಾರ. ನಾರಾಯಣ ಮೂರ್ತಿಯವರೇ 2025ರ ಮಾರ್ಚ್‌ನಲ್ಲಿ ಮುಂಬೈನ ಒಂದು ಸಭೆಯಲ್ಲಿ, ಎಲ್ಲದಕ್ಕೂ ಎಐ ಅನ್ನೋದು ನಮ್ಮಲ್ಲಿ ಫ್ಯಾಷನ್ ಆಗಿದೆ, ಹಳೇ ಮಾಮೂಲಿ ಪ್ರೋಗ್ರಾಮುಗಳನ್ನೇ ಎಐ ಅಂತ ಕರೀತಿದ್ದಾರೆ ಅನ್ನೋ ಅರ್ಥದಲ್ಲಿ ಮಾತಾಡಿದ್ದರು. ವಾರಕ್ಕೆ 70 ಗಂಟೆ ದುಡೀರಿ ಅಂದ ಅವರ ಮಾತು ನನಗೆ ಒಪ್ಪಿಗೆಯಿಲ್ಲ, ಇದು ಒಪ್ಪಿಗೆ. ಈಗ ನಮ್ಮಲ್ಲಿ ವಾರಕ್ಕೆ ಯಾರು ಎಷ್ಟು ಸಲ ಎಐ ಬಳಸಿದರು ಅಂತ ಪಟ್ಟಿ ಹಾಕುತ್ತಾರೆ. ಅದರಿಂದ ಏನು ಉಪಯೋಗವಾಯಿತು ಅಂತ ಯಾರೂ ಕೇಳೋದಿಲ್ಲ. ನನ್ನ ಪಕ್ಕದ ಸೀಟಿನವನು ಪಟ್ಟಿಯಲ್ಲಿ ಮೇಲಿರಲಿ ಅಂತ ದಿನಾ ಬೆಳಗ್ಗೆ ಚಾಟ್‌ಬಾಟ್‌ಗೆ ಹವಾಮಾನ ಕೇಳುತ್ತಾನೆ.

ಹಾಗಂತ ಇದೆಲ್ಲ ಬರೀ ಓಳು ಅಂತ ನಾನು ಹೇಳೋದಿಲ್ಲ. ಟೆಸ್ಟ್ ಕೇಸಿನ ಮೊದಲ ಕರಡು, ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡೋ ಸಾವಿರಾರು ಸಾಲಿನ ಲಾಗ್‌ನಲ್ಲಿ ತಪ್ಪು ಹುಡುಕೋದು, ಗೊತ್ತಿಲ್ಲದ ಕೋಡ್ ಓದಿ ಅರ್ಥ ಮಾಡಿಕೊಳ್ಳೋದು, ಇದಕ್ಕೆಲ್ಲ ದಿನಾ ಬಳಸುತ್ತೇನೆ. ಚೆನ್ನಾಗೇ ಮಾಡುತ್ತದೆ. ಆದರೆ ಈ ಚಾಟ್‌ಬಾಟ್ ಮಾಡೋದು ಏನು ಅಂತ ಗೊತ್ತಿರಬೇಕು. ಇಲ್ಲಿಯವರೆಗೆ ಬಂದ ಪದಗಳ ಮುಂದೆ ಯಾವ ಪದದ ತುಣುಕು ಬರೋ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕಿ ಒಂದೊಂದೇ ಸೇರಿಸುತ್ತಾ ಹೋಗುತ್ತದೆ. ಕೋರ್ಟ್ ತೀರ್ಪಿನ ಹೆಸರು ಕೇಳಿದರೆ ಇಂಥವರ ವಿರುದ್ಧ ಇಂಥವರು, ಇಸವಿ, ಪುಟ ಸಂಖ್ಯೆ, ಎಲ್ಲ ನೋಡೋಕೆ ತೀರ್ಪಿನ ಹಾಗೇ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕದೇ ಉತ್ತರ ಕೊಟ್ಟಿದ್ದರೆ, ಆ ತೀರ್ಪು ಇದೆಯಾ ಇಲ್ಲವಾ ಅಂತ ಹೋಗಿ ನೋಡಿರೋದೇ ಇಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಹೀಗೆ ಆರು ಇಲ್ಲದ ತೀರ್ಪು ತೋರಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಇವೆಲ್ಲ ನಿಜವಾ ಅಂತ ಅವರು ಚಾಟ್‌ಜಿಪಿಟಿಯನ್ನೇ ಕೇಳಿದ್ದರು, ಅದು ಹೌದು ಅಂದಿತ್ತು! ನಮ್ಮ ಬೆಂಗಳೂರಿನಲ್ಲೂ 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠ ಕೊಟ್ಟ ಒಂದು ಆದೇಶದಲ್ಲಿ ಎಲ್ಲೂ ಇಲ್ಲದ ತೀರ್ಪುಗಳು ಕಂಡುಬಂದು, ಆದೇಶವನ್ನೇ ವಾಪಸ್ ಪಡೆಯಬೇಕಾಯಿತು. ಚಾಟ್‌ಬಾಟ್ ಕೈವಾಡ ಅಂತ ಎಲ್ಲರಿಗೂ ಅನುಮಾನ.

ಬಳಸೋರಿಗೂ ಇದರ ಲೆಕ್ಕ ಸರಿಯಾಗಿ ಸಿಗೋದಿಲ್ಲ. 2025ರಲ್ಲಿ ಮೀಟರ್ (METR) ಅನ್ನೋ ಎಐ ಸಂಶೋಧನಾ ಸಂಸ್ಥೆ 16 ಜನ ಪಳಗಿದ ಪ್ರೋಗ್ರಾಮರುಗಳ ಕೆಲಸ ಅಳೆದು ನೋಡಿತು. ಎಐ ಬಳಸಿದಾಗ 20% ಬೇಗ ಮುಗಿಸಿದೆವು ಅಂತ ಅವರು ನಂಬಿದ್ದರು. ಗಡಿಯಾರದ ಪ್ರಕಾರ 19% ತಡವಾಗಿತ್ತು. ಹದಿನಾರೇ ಜನ, ಅವರಿಗೆ ಚೆನ್ನಾಗಿ ಗೊತ್ತಿದ್ದ ಕೋಡ್, ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಆದರೂ ಅನಿಸೋದಕ್ಕೂ ಆಗೋದಕ್ಕೂ ಅಷ್ಟು ಅಂತರ ನೋಡಿ ನನಗೆ ನನ್ನ ಮೇಲೇ ಅನುಮಾನ ಬಂತು.

ಈಗ ನಿಮ್ಮ ತಮ್ಮನ ಭಯದ ವಿಷಯ. ಜೆಫ್ರಿ ಹಿಂಟನ್ ಅಂದರೆ ಈ ಕ್ಷೇತ್ರದ ಭೀಷ್ಮ, 2024ರಲ್ಲಿ ನೊಬೆಲ್ ಬಂತು. ಅವರು 2016ರಲ್ಲಿ, ಎಕ್ಸ್‌-ರೇ, ಸ್ಕ್ಯಾನ್ ಓದೋ ಡಾಕ್ಟರುಗಳಿಗೆ ತರಬೇತಿ ಕೊಡೋದನ್ನು ಈಗಲೇ ನಿಲ್ಲಿಸಿ, ಐದು ವರ್ಷದಲ್ಲಿ ಯಂತ್ರ ಅವರಿಗಿಂತ ಚೆನ್ನಾಗಿ ಮಾಡುತ್ತದೆ ಅಂದಿದ್ದರು. ಆ ಮಾತು ಕೇಳಿ ತರಬೇತಿ ನಿಲ್ಲಿಸಿದ್ದರೆ ಇವತ್ತು ಸ್ಕ್ಯಾನ್ ರಿಪೋರ್ಟಿಗೆ ನಾವೆಲ್ಲ ಎಷ್ಟು ದಿನ ಕಾಯಬೇಕಿತ್ತೋ. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರಲ್ಲಿ, ನಮ್ಮ ಎಐ 700 ಜನರ ಕಸ್ಟಮರ್ ಕೇರ್ ಕೆಲಸ ಮಾಡುತ್ತಿದೆ ಅಂತ ಡಂಗುರ ಹೊಡೆಯಿತು. ಮರುವರ್ಷ ಅದರ ಮುಖ್ಯಸ್ಥರೇ, ಖರ್ಚು ಉಳಿಸೋಕೆ ಹೋಗಿ ಗುಣಮಟ್ಟ ಕೆಟ್ಟಿತು ಅಂತ ಒಪ್ಪಿಕೊಂಡು ಮತ್ತೆ ಮನುಷ್ಯರನ್ನು ತೆಗೆದುಕೊಳ್ಳತೊಡಗಿದರು.

ಆದರೆ ಭಯ ಪೂರ್ತಿ ಸುಳ್ಳೂ ಅಲ್ಲ. ಫ್ರೆಶರ್‌ಗಳಿಗೆ ಮೊದಲ ವರ್ಷ ಕೊಡುತ್ತಿದ್ದ ಚಿಲ್ಲರೆ ಕೆಲಸಗಳನ್ನೇ ಇದು ಚೆನ್ನಾಗಿ ಮಾಡೋದು. ಜೊತೆಗೆ ಎಐ ನಿಜವಾಗಿ ಕೆಲಸ ಮಾಡಬೇಕು ಅಂತೇನೂ ಇಲ್ಲ, ಮಾಡುತ್ತದೆ ಅಂತ ಮೇಲಿನವರು ನಂಬಿದರೆ ಸಾಕು, ಈ ವರ್ಷದ ನೇಮಕಾತಿ ನಿಲ್ಲುತ್ತದೆ. ಅವನಿಗೆ ವಿಡಿಯೊ ನೋಡೋದು ನಿಲ್ಲಿಸೋಕೆ ಹೇಳಿ. ದಿನಕ್ಕೊಂದು ಸಣ್ಣ ಪ್ರೋಗ್ರಾಂ ಎಐ ಕೈಯಲ್ಲೇ ಬರೆಸಲಿ. ಆಮೇಲೆ ಖಾಲಿ ಫೈಲ್ ಕೊಟ್ಟು, ವಯಸ್ಸಿನ ಜಾಗದಲ್ಲಿ ಮೈನಸ್ ಸಂಖ್ಯೆ ಹಾಕಿ, ಹೆಸರನ್ನು ಕನ್ನಡದಲ್ಲಿ ಬರೆದು, ಅದು ಎಲ್ಲಿ ಮುರಿಯುತ್ತದೆ ಅಂತ ನೋಡಲಿ. ಯಾಕೆ ಮುರಿಯಿತು ಅಂತ ಹೇಳೋಕೆ ಬಂದರೆ ಇಂಟರ್‌ವ್ಯೂನಲ್ಲಿ ನನ್ನಂಥವರು ಅವನನ್ನು ಬಿಡೋದಿಲ್ಲ.

ಆ ಬಿಲ್ ಓದೋ ಪ್ರಾಜೆಕ್ಟ್ ಇನ್ನೂ ನಡೀತಿದೆ. ಕಳೆದ ತಿಂಗಳು ಸ್ಲೈಡಿನಲ್ಲಿ ಅದರ ಹೆಸರು ಬದಲಾಗಿ 'ಏಜೆಂಟಿಕ್' ಅಂತ ಆಯಿತು, ಅಂದರೆ ಯಾರೂ ಹೇಳದೆ ತಾನೇ ಕೆಲಸ ಮಾಡಿ ಮುಗಿಸೋ ಎಐ. ಅದೇ ವಾರ ಮೂರನೇ ಮಹಡಿಗೆ ಇನ್ನೂ ಆರು ಕುರ್ಚಿ ಬಂದವು.