ಬಾಗಿಲು ತೆರೆದರೆ ಸಾಕು, ನಾಯಿ ಹೊರಗೆ ಓಟ!

ಪ್ರಶ್ನೆ: ನಮ್ಮ ಗಂಡು ನಾಯಿಗೆ 2 ವರ್ಷ. ಮನೆಯೊಳಗೆ ಹೇಳಿದ ಮಾತು ಕೇಳುತ್ತದೆ. ಆದರೆ ಮುಂಬಾಗಿಲು ತೆರೆದ ತಕ್ಷಣ ನಮ್ಮ ಕಾಲ ಸಂದಿಯಲ್ಲಿ ನುಗ್ಗಿ ಓಡಿಬಿಡುತ್ತದೆ. ಎಷ್ಟು ಕರೆದರೂ ಬರುವುದಿಲ್ಲ. ಕಳೆದ ವಾರ ಗಾಡಿಯ ಕೆಳಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ಹಿಡಿದು ತಂದು ಗದರಿಸಿದ್ದೂ ಆಯ್ತು. ಈ ಚಾಳಿ ಬಿಡಿಸುವುದು ಹೇಗೆ?

ಉತ್ತರ: ಗದರಿಸುವುದನ್ನು ಮೊದಲು ನಿಲ್ಲಿಸಿ, ದಯವಿಟ್ಟು. ನೀವು ಬೈಯುವುದು ಓಡಿಹೋಗಿದ್ದಕ್ಕೆ. ನಾಯಿಗೆ ಅರ್ಥವಾಗುವುದು ಬೇರೆ: ಕೈಗೆ ಸಿಕ್ಕರೆ ಬೈಗುಳ ಬೀಳುತ್ತದೆ ಅಂತ. ಮುಂದಿನ ಸಲ ಹಿಡಿಯುವುದು ಇನ್ನೂ ಕಷ್ಟವಾಗುತ್ತದೆ.

ಇದು ಹಠ ಅಲ್ಲ, ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲೂ ಅಲ್ಲ. ಹೊರಗೆ ಹೊಸ ಹೊಸ ವಾಸನೆ, ಬೇರೆ ನಾಯಿಗಳು, ಓಡಲು ಬೇಕಾದಷ್ಟು ಜಾಗ. ತಪ್ಪಿಸಿಕೊಂಡ ಪ್ರತಿ ಸಲವೂ ಅದಕ್ಕೆ ಬಹುಮಾನ ಸಿಕ್ಕಂತೆ. ನೀವು ಬೆನ್ನಟ್ಟಿದರೆ ಆಟವೂ ಸೇರಿತು. ಹಾಗಾಗಿ ಪಾಠ ನಡೆಯುವಷ್ಟು ದಿನ ಒಂದು ಸಲವೂ ತಪ್ಪಿಸಿಕೊಳ್ಳಲು ಬಿಡಬೇಡಿ. ಪುಟ್ಟ ಮಕ್ಕಳಿಗಾಗಿ ಹಾಕುವ ಅಡ್ಡಗೇಟನ್ನು ಬಾಗಿಲಿಂದ ಸ್ವಲ್ಪ ಒಳಗೆ ಹಾಕಿ. ಇಲ್ಲವಾದರೆ ನಾಯಿಯನ್ನು ಬೇರೆ ಕೋಣೆಯಲ್ಲಿ ಬಿಟ್ಟು ಆಮೇಲೆ ಬಾಗಿಲು ತೆಗೆಯಿರಿ.

ಇನ್ನು ಪಾಠದ ವಿಷಯ. ನಾಳೆ ಚಿಲಕಕ್ಕೆ ಕೈ ಹಾಕುವಾಗ ಬಾಗಿಲನ್ನು ಬಿಟ್ಟು ನಾಯಿಯನ್ನೇ ನೋಡಿ. ಕಿವಿ ನಿಮಿರುತ್ತದೆ. ಮೈಭಾರ ಮುಂಗಾಲಿಗೆ ಬರುತ್ತದೆ. ಮೂಗು ಸಂದಿಗೆ ಅಂಟಿಕೊಳ್ಳುತ್ತದೆ. ಬಾಗಿಲು ತೆರೆಯುವ ಮೊದಲೇ ಅದರ ಓಟ ಶುರುವಾಗಿದೆ, ಅಲ್ವಾ? ಪಾಠವೂ ಅಲ್ಲಿಂದಲೇ ಶುರುವಾಗಬೇಕು.

ನಾಯಿಗೆ ಹಗ್ಗ ಹಾಕಿ, ಇನ್ನೊಬ್ಬರ ಕೈಗೆ ಕೊಡಿ. ಬಾಗಿಲಿಂದ ಎರಡು ಹೆಜ್ಜೆ ಒಳಗೆ ಕೂರಿಸಿ. ಚಿಲಕವನ್ನು ಸುಮ್ನೆ ಮುಟ್ಟಿ. ಕೂತೇ ಇದ್ದರೆ ತಕ್ಷಣ ಅದಕ್ಕಿಷ್ಟವಾದ ತಿಂಡಿಯ ಒಂದು ಚೂರು ಕೊಡಿ, ಅದು ಕೂತ ಜಾಗದಲ್ಲೇ. ಎದ್ದರೆ ಮಾತಾಡದೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಇಷ್ಟು ಪಾಠ ಗಟ್ಟಿಯಾದ ಮೇಲೆ ಚಿಲಕ ಸರಿಸಿ. ಆಮೇಲೆ ಒಂದು ಬೆರಳು ತೂರುವಷ್ಟು ಬಾಗಿಲು ತೆರೆಯಿರಿ, ಆಮೇಲೆ ಒಂದು ಗೇಣು, ಆಮೇಲೆ ಅರ್ಧ. ಎದ್ದ ಕೂಡಲೇ ಬಾಗಿಲು ಮುಚ್ಚಬೇಕು. ನಿಧಾನವಾಗಿ ಮುಚ್ಚಿ, ಮೂಗೋ ಬಾಲವೋ ಸಿಕ್ಕಿಕೊಂಡೀತು. ಎದ್ದರೆ ಬಾಗಿಲು ಮುಚ್ಚುತ್ತದೆ, ಕೂತರೆ ತೆರೆಯುತ್ತದೆ ಎಂಬುದನ್ನು ನಾಯಿ ತಾನೇ ಕಂಡುಕೊಳ್ಳುತ್ತದೆ.

ಒಂದು ಸಲಕ್ಕೆ 5 ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ಜಾಸ್ತಿ ಮಾಡಿದರೆ ಅದಕ್ಕೂ ಬೇಸರ, ನಿಮಗೂ ಸಿಟ್ಟು.

ಹೊರಗೆ ಹೋಗಲು ಒಂದು ಮಾತು ಇಟ್ಟುಕೊಳ್ಳಿ, 'ನಡಿ' ಅಂತಲೋ ಏನೋ. ಆ ಮಾತು ಕೇಳುವವರೆಗೆ ಹೊಸ್ತಿಲು ದಾಟುವಂತಿಲ್ಲ. ಮನೆಯವರೆಲ್ಲ ಅದೇ ಮಾತನ್ನೇ ಬಳಸಬೇಕು. ಒಬ್ಬರು ಕೂರಿಸಿ, ಇನ್ನೊಬ್ಬರು ಹಾಗೇ ಬಿಟ್ಟರೆ ಪಾಠ ನಿಲ್ಲುವುದಿಲ್ಲ. ಪೂರ್ತಿ ತೆರೆದ ಬಾಗಿಲ ಮುಂದೆ ಅದು ಕೂತು, ಬೀದಿ ಬಿಟ್ಟು ನಿಮ್ಮ ಮುಖ ನೋಡುವ ದಿನ ಬರುತ್ತದೆ. ಆಗ ಧಾರಾಳವಾಗಿ ತಿಂಡಿ ಕೊಡಿ. ನಂತರ ಕಾಲಿಂಗ್ ಬೆಲ್ ಸದ್ದು, ಮನೆಗೆ ಬರುವ ನೆಂಟರು, ಹೀಗೆ ಒಂದೊಂದನ್ನೇ ಸೇರಿಸಿ. ಹೊಸದೊಂದು ಸೇರಿದಾಗ ಎಡವಿದರೆ ಒಂದು ಮೆಟ್ಟಿಲು ಹಿಂದೆ ಹೋಗಿ. ಅದು ಸೋಲಲ್ಲ.

ಇಷ್ಟರ ಮಧ್ಯೆಯೂ ಓಡಿಬಿಟ್ಟರೆ ಬೆನ್ನಟ್ಟಬೇಡಿ. ಖುಷಿಯಿಂದ ಕೂಗುತ್ತಾ ಎದುರು ದಿಕ್ಕಿಗೆ ನೀವೇ ಓಡಿ. ಅಥವಾ ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂರಿ. ಎಷ್ಟೋ ನಾಯಿಗಳು ಕುತೂಹಲಕ್ಕೇ ವಾಪಸ್ ಬರುತ್ತವೆ. ಬಂದಾಗ ಎಷ್ಟೇ ಸಿಟ್ಟಿದ್ದರೂ ಮೊದಲು ತಿಂಡಿ ಕೊಡಿ, ಆಮೇಲೆ ಮೆಲ್ಲಗೆ ಹಿಡಿಯಿರಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ ಪಶುವೈದ್ಯರ ಹತ್ತಿರ ಮಾತಾಡಿ. ಗಂಡು ನಾಯಿಗಳು ಹೆಣ್ಣಿನ ವಾಸನೆ ಹಿಡಿದು ಅಲೆಯುವುದು ಅದರಿಂದ ಕಡಿಮೆಯಾಗುವುದುಂಟು. ದಿನವೂ ಹಗ್ಗ ಹಾಕಿ ನಿಧಾನವಾಗಿ ಸುತ್ತಾಡಿಸಿ, ಮೂಸಲು ಬಿಡಿ. ಹಾಗೆ ಹೋಗಿ ಬರುವ ನಾಯಿಗೆ ಬಾಗಿಲಿನ ಸೆಳೆತ ಅಷ್ಟಿರುವುದಿಲ್ಲ.

ಪಾಠ ನಾಳೆ ಶುರು ಮಾಡಿದರೂ ಆದೀತು. ಕುತ್ತಿಗೆ ಪಟ್ಟಿಗೆ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆಯನ್ನು ಮಾತ್ರ ಇವತ್ತೇ ಹಾಕಿ.